ಅಜ್ಜಿಯ ದನಿಗೆ ಪೈಗೇಮ್ ಸಾಕು: ಪ್ಲೇಸೌಂಡ್ ಬಿಟ್ಟಿದ್ದೇಕೆ

ಪೈಥಾನ್‌ನಲ್ಲಿ ಆಡಿಯೊ ಫೈಲ್ ಪ್ಲೇ ಮಾಡಬೇಕಾದರೆ ಈಗ ನಾನು ಕಣ್ಣು ಮುಚ್ಚಿಕೊಂಡು ಪೈಗೇಮ್ ಎಂಬ ಗೇಮ್ ಬರೆಯುವ ಲೈಬ್ರರಿಯ (ಸಿದ್ಧ ಕೋಡ್‌ನ ಕಟ್ಟು) ಶಬ್ದದ ಭಾಗವಾದ ಮಿಕ್ಸರ್ ಬಳಸುತ್ತೇನೆ. ಅದಕ್ಕೂ ಮೊದಲು ಪ್ಲೇಸೌಂಡ್ ಎಂಬ ಇನ್ನೊಂದು ಲೈಬ್ರರಿ ಜೊತೆ ಎರಡು ಸಂಜೆ ಒದ್ದಾಡಿದ್ದೆ.

ಮಗಳಿಗೆ ನಾಲ್ಕು ವರ್ಷ. ಪರದೆಯ ಮೇಲೆ ಅಕ್ಷರ ಒತ್ತಿದರೆ ಅವಳಜ್ಜಿಯ ದನಿ ಕೇಳಬೇಕು, ಅಷ್ಟೇ ಪ್ರೋಗ್ರಾಂ. ಅಮ್ಮನನ್ನು ಕೂರಿಸಿಕೊಂಡು 49 ಅಕ್ಷರ ರೆಕಾರ್ಡ್ ಮಾಡಿದೆ. ಫೈಲುಗಳಿಗೆ ‘ಅ’, ‘ಆ’ ಎಂದು ಕನ್ನಡದಲ್ಲೇ ಹೆಸರಿಟ್ಟೆ.

ಪ್ಲೇಸೌಂಡ್‌ಗೆ ಒಂದೇ ಸಾಲು ಬರೆದರೆ ಸಾಕು, ಅದಕ್ಕೇ ಮನಸೋತಿದ್ದೆ. ಅದರ 1.3.0 ಆವೃತ್ತಿ ಹಾಕಲು ಹೋದರೆ ಇನ್‌ಸ್ಟಾಲ್ ಆಗುವಾಗಲೇ ಎರರ್. ಹಳೆಯ 1.2.2 ಹಾಕಿಕೊಂಡೆ. ವಿಂಡೋಸ್‌ನಲ್ಲಿ ‘ಅ’ ಒತ್ತಿದರೆ ಎರರ್ 275, ಫೈಲ್ ಸಿಗಲಿಲ್ಲವಂತೆ! ಫೈಲ್ ಕಣ್ಣೆದುರೇ ಇದೆ. ಕೊನೆಗೆ ಅದರ ಸೋರ್ಸ್ ಕೋಡ್ ತೆರೆದು ನೋಡಿದೆ. ಆ ಆವೃತ್ತಿ ಫೈಲ್ ಹೆಸರನ್ನು ವಿಂಡೋಸ್‌ನ ಹಳೇ ಕಾಲದ ಫಂಕ್ಷನ್‌ಗೆ ಕೊಡುತ್ತದೆ. ಅದಕ್ಕೆ ಕನ್ನಡ ಲಿಪಿ ಅರ್ಥವಾಗುವುದಿಲ್ಲ.

ಸರಿ, ಇಂಗ್ಲಿಷ್ ಹೆಸರಿಟ್ಟು ಕಾಪಿ ಮಾಡುವ ಸ್ಕ್ರಿಪ್ಟ್ ಬರೆದೆ. ‘ಟ’ಗೆ ದೊಡ್ಡ ಟಿ, ‘ತ’ಗೆ ಚಿಕ್ಕ ಟಿ. ವಿಂಡೋಸ್‌ಗೆ ಎರಡೂ ಒಂದೇ ಹೆಸರು! ಮೊದಲು ಬಂದ ‘ಟ’ ಫೈಲಿನ ಮೇಲೆ ‘ತ’ ಕೂತುಬಿಟ್ಟಿತು. ‘ಡ’, ‘ಣ’, ‘ಲ’ಗಳದ್ದೂ ಅದೇ ಗತಿ. ಮಗಳು ‘ಟ’ ಒತ್ತಿದಳು, ಅಜ್ಜಿ ‘ತ’ ಅಂದರು. ಅಕ್ಷರ ಕಲಿಸುವ ಪ್ರೋಗ್ರಾಂ ತಪ್ಪು ಹೇಳಿಕೊಟ್ಟರೆ ಹೇಗೆ? ಅವತ್ತೇ ಪ್ಲೇಸೌಂಡ್ ತೆಗೆದುಹಾಕಿದೆ.

ಪೈಗೇಮ್‌ಗಾಗಿ ಎಲ್ಲವನ್ನೂ ಓಜಿಜಿ ಎಂಬ ಆಡಿಯೊ ಫೈಲ್ ಮಾದರಿಗೆ ಬದಲಿಸಿಕೊಂಡೆ. ಕನ್ನಡ ಹೆಸರು ಹಾಗೇ ಓದಿತು. ಫೈಲುಗಳನ್ನು ಮೊದಲೇ ಲೋಡ್ ಮಾಡಿಟ್ಟರೆ ಒತ್ತಿದ ತಕ್ಷಣ ದನಿ ಬರುತ್ತದೆ. ಪ್ಲೇ ಅಂದ ಮೇಲೆ ಅದು ಕಾಯುತ್ತಾ ಕೂರುವುದಿಲ್ಲ, ಹಾಗಾಗಿ ಪರದೆ ಸ್ತಬ್ಧವಾಗುವುದಿಲ್ಲ. ಆದರೆ ಬರೀ ನಾಲ್ಕು ಸಾಲಿನ ಸ್ಕ್ರಿಪ್ಟ್ ಆದರೆ ದನಿ ಬರುವ ಮೊದಲೇ ಪ್ರೋಗ್ರಾಂ ಮುಗಿದುಹೋಗುತ್ತದೆ, ಸ್ವಲ್ಪ ಕಾಯಿಸಬೇಕು. ಉದ್ದದ ಹಾಡಿಗೆ ಅದರ ಮ್ಯೂಸಿಕ್ ಭಾಗ ಬೇರೆ ಇದೆ, ಒಂದು ಸಲಕ್ಕೆ ಒಂದೇ ಹಾಡು.

ವಿನ್‌ಸೌಂಡ್ ಪೈಥಾನ್ ಜೊತೆಗೇ ಬರುತ್ತದೆ. ಆದರೆ ವಿಂಡೋಸ್‌ಗೆ ಮಾತ್ರ, ಅದೂ ಡಬ್ಲ್ಯುಎವಿ ಫೈಲಿಗೆ ಮಾತ್ರ. ಆಡಿಯೊ ತಿದ್ದುವ ಪೈಡಬ್ ಲೈಬ್ರರಿಯನ್ನು ರೆಕಾರ್ಡಿಂಗ್‌ನ ಹಿಂದೆಮುಂದಿನ ಖಾಲಿ ಜಾಗ ಕತ್ತರಿಸಲು ಇಟ್ಟುಕೊಂಡಿದ್ದೇನೆ.

ಶಬ್ದಕ್ಕಾಗಿ ಇಡೀ ಗೇಮ್ ಲೈಬ್ರರಿ ಹಾಕುವುದು ಜಾಸ್ತಿಯಾಯಿತು ಅಲ್ವಾ ಎಂದು ಗೆಳೆಯನೊಬ್ಬ ಕೇಳಿದ. ನನಗೆ ಪ್ರೋಗ್ರಾಂ ಬರೆಯಲು ಸಿಗುವುದು ರಾತ್ರಿ ಮಗಳು ಮಲಗಿದ ಮೇಲಿನ ಒಂದು ಗಂಟೆ. ಡಿಸ್ಕ್‌ನಲ್ಲಿ ಜಾಗ ಬೇಕಾದಷ್ಟಿದೆ.