ಸ್ಟೇಷನಿಯರ್ಸ್: ನಡುಹಗಲಿನಲ್ಲಿ ಕಾಣದ ತಪ್ಪು

ಬೇರೆ ಗ್ರಹಗಳಲ್ಲಿ ನೆಲೆ ಕಟ್ಟಿ ಬದುಕುಳಿಯುವ ಸ್ಟೇಷನಿಯರ್ಸ್ ಎಂಬ ಕಂಪ್ಯೂಟರ್ ಆಟವನ್ನು ರಿಯಾಯಿತಿ ದರದಲ್ಲಿ ಕೊಂಡು ಎರಡು ವರ್ಷಗಳಾದವು. ರಾತ್ರಿ ಊಟವಾದ ಮೇಲೆ ಸಿಗುವ ಒಂದು ಗಂಟೆಯಷ್ಟೇ ನನ್ನ ಆಟದ ಸಮಯ. 2017ರ ಡಿಸೆಂಬರ್‌ನಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ಣಗೊಳ್ಳುವ ಮೊದಲೇ ಮಾರಾಟಕ್ಕೆ ಬಂದ ಈ ಆಟದ ಅನಿಲ, ಒತ್ತಡ, ಕುಲುಮೆಗಳ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ. ನಾನು ಸೂರ್ಯನನ್ನು ಹಿಂಬಾಲಿಸುವ ಸೌರ ಫಲಕಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಮಂಗಳ ಗ್ರಹದ ನನ್ನ ನೆಲೆ ಎರಡು ಬಾರಿ ಕತ್ತಲಲ್ಲಿ ಮುಳುಗಿದ್ದು ಅವುಗಳಿಂದ. ಇಂದಿಗೂ ಆಟವನ್ನು ಬಿಡದೆ ಇರುವುದೂ ಅವುಗಳಿಂದಲೇ.

ಮೊದಲು ಲಾಜಿಕ್ ರೀಡರ್ (ಒಂದು ಸಾಧನದ ಅಳತೆಯನ್ನು ಓದುವ ಪೆಟ್ಟಿಗೆ) ಮತ್ತು ಬ್ಯಾಚ್ ರೈಟರ್‌ಗಳನ್ನು (ಒಂದೇ ಬಗೆಯ ಎಲ್ಲ ಸಾಧನಗಳಿಗೂ ಅದನ್ನು ಬರೆಯುವ ಪೆಟ್ಟಿಗೆ) ಗೋಡೆಗೆ ಸಾಲಾಗಿ ಜೋಡಿಸಿದ್ದೆ. ಅಡ್ಡ ಕೋನಕ್ಕೊಂದು ಜೋಡಿ, ಲಂಬ ಕೋನಕ್ಕೊಂದು ಜೋಡಿ ಬೇಕಾದ್ದರಿಂದ ಗೋಡೆಯೇ ತುಂಬಿಹೋಯಿತು. ಆಮೇಲೆ ನಾವೇ ಕೋಡ್ ಬರೆದು ತುಂಬುವ, ಆಟದೊಳಗಿನ ಐಸಿ10 ಚಿಪ್‌ಗೆ ಬಂದೆ. 128 ಸಾಲುಗಳ ಮಿತಿಯಿರುವ ಆ ಚಿಪ್‌ನಲ್ಲಿ ಈ ಕೆಲಸಕ್ಕೆ ಹತ್ತು ಹನ್ನೆರಡು ಸಾಲುಗಳು ಸಾಕು: ಸೂರ್ಯನಿರುವ ದಿಕ್ಕನ್ನು ಅಳೆಯುವ ಹಗಲು ಸೆನ್ಸರ್‌ನಿಂದ ಎರಡು ಕೋನಗಳನ್ನು ಓದು, ಫಲಕಗಳಿಗೆ ಬರೆ, ಮತ್ತೆ ಮೊದಲಿಗೆ ಹೋಗು. ಹಳೆಯ ಕೋಡ್‌ಗಳಲ್ಲಿ ಲಂಬ ಕೋನವನ್ನು 1.5ರಿಂದ ಭಾಗಿಸುವ ಸಾಲೊಂದು ಇರುತ್ತದೆ. ಫಲಕ ಎಷ್ಟು ವಾಲಬೇಕೆಂಬುದನ್ನು ಶೇಕಡಾವಾರಿನಲ್ಲಿ ಹೇಳಬೇಕಿದ್ದ ಕಾಲದ ಲೆಕ್ಕ ಅದು. ಈಗ ನೇರವಾಗಿ ಡಿಗ್ರಿಯಲ್ಲೇ ಬರೆಯುವುದರಿಂದ ಆ ಸಾಲನ್ನು ಹಾಗೆಯೇ ನಕಲು ಮಾಡಿದವರ ಫಲಕಗಳು ಎಲ್ಲೋ ನೋಡುತ್ತಾ ನಿಲ್ಲುತ್ತವೆ.

ನನ್ನನ್ನು ನಿಜವಾಗಿ ಕಾಡಿದ್ದು ಬೇರೆಯೇ ತೊಂದರೆ. ಅಡ್ಡ ಕೋನವನ್ನು ಪ್ರತಿ ಫಲಕವೂ ತಾನು ನೆಟ್ಟ ದಿಕ್ಕಿನಿಂದ ಅಳೆಯುತ್ತದೆ. ಹನ್ನೆರಡು ಫಲಕಗಳ ಪೈಕಿ ನಾಲ್ಕನ್ನು, ಕೇಬಲ್ ಎಳೆಯಲು ಅನುಕೂಲವಾಗಲೆಂದು, ತೊಂಬತ್ತು ಡಿಗ್ರಿ ತಿರುಗಿಸಿ ನೆಟ್ಟಿದ್ದೆ. ಕೋಡ್ ಬರೆದು ಪರೀಕ್ಷಿಸಿದ್ದು ಸೂರ್ಯ ನೆತ್ತಿಯ ಮೇಲಿದ್ದಾಗ. ಹನ್ನೆರಡೂ ಮೇಲ್ಮುಖವಾಗಿ ತುಂಬು ವಿದ್ಯುತ್ ಕೊಡುತ್ತಿದ್ದವು. ಸೂರ್ಯ ನೆತ್ತಿಯಲ್ಲಿರುವಾಗ ಫಲಕ ಯಾವ ದಿಕ್ಕಿಗೆ ತಿರುಗಿದ್ದರೂ ಒಂದೇ ಎಂಬುದು ನನಗೆ ಹೊಳೆಯಲಿಲ್ಲ. ಬಿಸಿಲು ಓರೆಯಾದಂತೆ ಆ ನಾಲ್ಕು ಪಕ್ಕಕ್ಕೆ ಮುಖ ಮಾಡುತ್ತಿದ್ದವು, ಬ್ಯಾಟರಿ ಪೂರ್ತಿ ತುಂಬದೆ ರಾತ್ರಿ ಬರುತ್ತಿತ್ತು, ಬೆಳಗಿನ ಜಾವಕ್ಕೆ ಗಾಳಿಯ ಯಂತ್ರ ನಿಂತು ಆಲೂಗಡ್ಡೆ ಗಿಡಗಳು ಸಾಯುತ್ತಿದ್ದವು. ಕೋಡ್‌ನಲ್ಲಿಲ್ಲದ ತಪ್ಪನ್ನು ಕೋಡ್‌ನಲ್ಲಿ ಹುಡುಕುತ್ತಾ ಒಂದು ವಾರದ ರಾತ್ರಿಗಳನ್ನು ಕಳೆದೆ. ಆ ವಾರದಲ್ಲಿ ಈ ವಿಮರ್ಶೆ ಬರೆದಿದ್ದರೆ ಆಟವನ್ನು ಕೊಳ್ಳಲೇಬೇಡಿ ಎನ್ನುತ್ತಿದ್ದೆ.

ನಾಲ್ಕನ್ನೂ ಕಿತ್ತು, ಉಳಿದವು ನಿಂತ ದಿಕ್ಕಿಗೇ ನೆಟ್ಟ ದಿನ ನನ್ನ ಮನಸ್ಸು ಬದಲಾಯಿತು. ಸೂರ್ಯ ಮುಳುಗಿದ ಮೇಲೆ ಫಲಕಗಳು ಪೂರ್ವಕ್ಕೆ ಹೊರಳಿ ಕಾಯುವಂತೆ ಇನ್ನೂ ಮೂರು ಸಾಲು ಸೇರಿಸಿದ್ದೇನೆ. ಈಗ ಆಟ ತೆರೆದೊಡನೆ ಮಾಡುವ ಮೊದಲ ಕೆಲಸವೆಂದರೆ ಹೆಲ್ಮೆಟ್ ಹಾಕಿಕೊಂಡು ಏರ್‌ಲಾಕ್ ದಾಟಿ, ಫಲಕಗಳ ಸಾಲಿನ ತುದಿಯಲ್ಲಿ ನಿಂತು ಬೆಳಗಾಗುವುದನ್ನು ನೋಡುವುದು. ಕೆಂಪು ನೆಲದಂಚಿನಲ್ಲಿ ಬೆಳಕು ಮೂಡಿದಾಗ ಹನ್ನೆರಡೂ ನೀಲಿ ಹಲಗೆಗಳು ಒಟ್ಟಿಗೆ, ಕಂಡೂ ಕಾಣದಷ್ಟು ನಿಧಾನವಾಗಿ ತಲೆಯೆತ್ತುತ್ತವೆ. ಅಷ್ಟು ನೋಡಿಯೇ ಒಳಗೆ ಹೋಗಿ ಗಿಡಗಳ ಕಡೆ ಗಮನ ಕೊಡುತ್ತೇನೆ.

ನನ್ನಂತೆ ದಿನಕ್ಕೊಂದೇ ಗಂಟೆ ಇರುವವರು ಹೆದರದೆ ಕೊಳ್ಳಬಹುದು. ಆದರೆ ಸೆನ್ಸರ್ ಮತ್ತು ಫಲಕಗಳನ್ನು ಮೊದಲ ದಿನವೇ ಒಂದೇ ದಿಕ್ಕಿಗೆ ನೆಡಿ, ಪರೀಕ್ಷೆಯನ್ನು ಬೆಳಗ್ಗೆ ಅಥವಾ ಸಂಜೆಯೇ ಮಾಡಿ. ಧೂಳಿನ ಬಿರುಗಾಳಿ ಮಾಮೂಲಿ ಫಲಕಗಳಿಗೆ ಹಾನಿ ಮಾಡುವುದರಿಂದ ಅದನ್ನು ತಡೆದುಕೊಳ್ಳುವ ಗಟ್ಟಿ ಫಲಕಗಳನ್ನು ಈ ವಾರ ನೆಡಲು ಆರಂಭಿಸಿದ್ದೇನೆ. ಚಿಪ್ ಫಲಕಗಳ ಬಗೆಯನ್ನು ಗುರುತಿಸುವ ಸಂಖ್ಯೆ ಇವುಗಳಿಗೆ ಬೇರೆ ಇರುವುದರಿಂದ ಚಿಪ್‌ಗೆ ಮತ್ತೆರಡು ಸಾಲು ಬರೆಯಬೇಕಾಗಿದೆ.