ಫ್ರೈಸ್, ಮ್ಯಾಶ್, ಮ್ಯಾಕ್ ಅಂಡ್ ಚೀಸ್: ಯಾವ ಬದಲಾವಣೆ ನಾಲಿಗೆಗೂ ಒಪ್ಪುತ್ತದೆ?

ಫ್ರೈಸ್, ಬೇಯಿಸಿ ಹಿಸುಕಿದ ಆಲೂಗಡ್ಡೆಯ ಮ್ಯಾಶ್, ಚೀಸ್ ಸಾಸಿನಲ್ಲಿ ಬೆರೆಸಿದ ಪಾಸ್ತಾ ಅಂದರೆ ಮ್ಯಾಕ್ ಅಂಡ್ ಚೀಸ್: ಸುಸ್ತಾದಾಗ, ಮನಸ್ಸು ಸರಿ ಇಲ್ಲದಾಗ ಬೇಕೆನಿಸುವ ತಿನಿಸುಗಳಿವು. ಇವನ್ನು ಹಗುರ ಮಾಡುವ ಉಪಾಯಗಳೂ ಬೇಕಾದಷ್ಟಿವೆ. ಒಂದೊಂದನ್ನೂ ಬೇರೆ ಬೇರೆ ಥರ ಮಾಡಿ, ಪಕ್ಕಪಕ್ಕ ಇಟ್ಟು ತಿಂದು ನೋಡಿದೆ. ನಾನು ನೋಡಿದ್ದು ಒಂದೇ: ಇದನ್ನು ಮತ್ತೆ ಮಾಡಬೇಕು ಅನ್ನಿಸುತ್ತದಾ? ಅನ್ನಿಸದಿದ್ದರೆ ಎಷ್ಟು ಕ್ಯಾಲೊರಿ ಉಳಿಸಿ ಏನು ಪ್ರಯೋಜನ, ನಾಲ್ಕು ದಿನಕ್ಕೆ ಹಳೇ ದಾರಿಗೇ ವಾಪಸ್, ಅಲ್ವಾ?

ಮೊದಲು ಫ್ರೆಂಚ್ ಫ್ರೈಸ್. ಬೇಯಿಸಿದ ಆಲೂಗಡ್ಡೆ 100 ಗ್ರಾಂಗೆ 90 ಕ್ಯಾಲೊರಿಯೂ ದಾಟುವುದಿಲ್ಲ. ಅದನ್ನೇ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ 300ರ ಆಸುಪಾಸಿಗೆ ಹೋಗುತ್ತದೆ. ಒಳಗಿನ ನೀರು ಆವಿಯಾಗಿ ಹೋಗುತ್ತದೆ, ಎಣ್ಣೆ ಒಳಗೆ ಸೇರುತ್ತದೆ. ಪಿಷ್ಟದಲ್ಲಿ ಗ್ರಾಂಗೆ 4 ಕ್ಯಾಲೊರಿ, ಎಣ್ಣೆಯಲ್ಲಿ 9. ಹಾಗಾಗಿ ಇಲ್ಲಿ ಕಡಿಮೆ ಮಾಡಬೇಕಾದದ್ದು ಆಲೂಗಡ್ಡೆಯನ್ನಲ್ಲ, ಎಣ್ಣೆಯನ್ನು.

ಏರ್ ಫ್ರೈಯರ್ ಬೇಗ ಆಗುತ್ತದೆ, ಒಂದು ಚಮಚ ಎಣ್ಣೆ ಸಾಕು. ಆದರೆ ಬುಟ್ಟಿ ತುಂಬಿಸಿದರೆ ಗಾಳಿ ಆಡುವುದಿಲ್ಲ, ತುಂಡುಗಳು ಮೆತ್ತಗಾಗುತ್ತವೆ. ಒಬ್ಬರಿಬ್ಬರಿಗೆ ಚೆನ್ನ. ನನಗೆ ಹೆಚ್ಚು ಹಿಡಿಸಿದ್ದು ಓವನ್, ಅದೂ ಮೊದಲು ಬೇಯಿಸಿಕೊಂಡು ಮಾಡಿದಾಗ. ಕುದಿಯುವ ನೀರಿಗೆ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ, ತುಂಡುಗಳ ಅಂಚು ಮೆತ್ತಗಾಗುವವರೆಗೆ ಬೇಯಿಸಿ. ನೀರು ಬಸಿದು, ಆವಿ ಹೋಗಲು ಬಿಟ್ಟು, ಪಾತ್ರೆ ಮುಚ್ಚಿ ಜೋರಾಗಿ ಅಲುಗಾಡಿಸಿ. ಸೋಡಾದಿಂದ ಹೊರಮೈ ಬೇಗ ಕರಗಿ ಪ್ರತಿ ತುಂಡಿಗೂ ಹಿಟ್ಟಿನಂಥ ಲೇಪ ಬರುತ್ತದೆ. ಚೂರು ಎಣ್ಣೆ ಸವರಿ ಓವನ್‌ಗೆ ಇಟ್ಟರೆ ಆ ಲೇಪವೇ ಗರಿಗರಿ ಹೊರಪದರ ಆಗುತ್ತದೆ. ಕಚ್ಚಿದಾಗ ಸದ್ದು ಬರುತ್ತದೆ, ಒಳಗೆ ಮೆತ್ತಗೇ ಇರುತ್ತದೆ. ಸಮಯ ಜಾಸ್ತಿ ಬೇಕು, ಅದು ನಿಜ.

ಒಂದು ಮಾತು. ಏರ್ ಫ್ರೈಯರ್ ಆಗಲಿ ಓವನ್ ಆಗಲಿ, ಕಂದು ಬಣ್ಣಕ್ಕೆ ಬಿಡಬೇಡಿ, ಹೊನ್ನಿನ ಬಣ್ಣಕ್ಕೇ ತೆಗೆಯಿರಿ. ಆಲೂಗಡ್ಡೆಯಂಥ ಪಿಷ್ಟದ ಪದಾರ್ಥ 120 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದಾಗ ಅಕ್ರಿಲಮೈಡ್ (ಕ್ಯಾನ್ಸರ್ ತರಬಹುದೆಂಬ ಶಂಕೆ ಇರುವ ರಾಸಾಯನಿಕ) ಹುಟ್ಟುತ್ತದೆ ಎಂದು 2002ರಲ್ಲಿ ಸ್ವೀಡನ್‌ನ ಸಂಶೋಧಕರು ತಿಳಿಸಿದರು. ಎಣ್ಣೆ ಕಡಿಮೆ ಮಾಡಿದ ಮಾತ್ರಕ್ಕೆ ಅದು ಹೋಗುವುದಿಲ್ಲ.

ಮ್ಯಾಶ್‌ನಲ್ಲಿ ಆಲೂಗಡ್ಡೆ ಬದಲು ಪೂರ್ತಿ ಹೂಕೋಸು ಹಾಕುವುದು ಎಲ್ಲರೂ ಹೇಳುವ ಉಪಾಯ. ಕ್ಯಾಲೊರಿ ತುಂಬಾ ಇಳಿಯುತ್ತದೆ, ಒಪ್ಪುತ್ತೇನೆ. ಆದರೆ ಹೂಕೋಸಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಬಾಯಲ್ಲಿ ನಿಲ್ಲುವ ಆ ಮುದ್ದೆಯಂಥ ದಪ್ಪ ಬರುವುದೇ ಇಲ್ಲ. ಅರ್ಧ ಆಲೂ, ಅರ್ಧ ಹೂಕೋಸು ಹಾಕಿದ್ದು ಗೆದ್ದಿತು. ಹೂಕೋಸನ್ನು ನೀರಲ್ಲಿ ಬೇಯಿಸದೆ ಹಬೆಯಲ್ಲಿ ಬೇಯಿಸಿ, ಬಾಣಲೆಯಲ್ಲಿ ಒಂದು ನಿಮಿಷ ತೇವ ಆರಿಸಿ. ಬೆಣ್ಣೆ ಕೊನೆಗೆ, ಮೇಲೆ ಒಂದು ಸಣ್ಣ ತುಂಡು. ನಾಲಿಗೆಗೆ ಮೊದಲು ತಾಗುವುದು ಅದೇ, ಹಾಗಾಗಿ ಕಡಿಮೆ ಹಾಕಿದ್ದು ಗೊತ್ತಾಗಲ್ಲ.

ಮ್ಯಾಕ್ ಅಂಡ್ ಚೀಸ್‌ಗೆ ಕಡಿಮೆ ಕೊಬ್ಬಿನ ಚೀಸ್ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಸರಿಯಾಗಿ ಕರಗದೆ ರಬ್ಬರಿನ ಹಾಗೆ ಎಳೆಯುತ್ತದೆ. ರುಚಿ ಸಾಲದೆ ಇನ್ನಷ್ಟು ಹಾಕೋಣ ಅನ್ನಿಸುತ್ತದೆ, ಆಗ ಉಳಿಸಿದ್ದೇನು? ಮೊಸರು ಹಾಕಿದ್ದು ಪರವಾಗಿಲ್ಲ, ಆದರೆ ಒಲೆಯಿಂದ ಇಳಿಸಿ ಬೆರೆಸದಿದ್ದರೆ ಒಡೆಯುತ್ತದೆ, ಹುಳಿಯೂ ಮುಂದೆ ಬರುತ್ತದೆ. ಚೆನ್ನಾಗಿ ಬಂದದ್ದು ಸಿಹಿಗುಂಬಳ. ಬೇಯಿಸಿ ನುಣ್ಣಗೆ ಅರೆದು, ಪಾಸ್ತಾ ಬೆಂದ ನೀರು ಸ್ವಲ್ಪ ಸೇರಿಸಿ, ಚೆನ್ನಾಗಿ ಹಳೆಯದಾದ ಚೆಡ್ಡಾರ್ ಚೀಸನ್ನು ಮಾಮೂಲಿನ ಅರ್ಧದಷ್ಟೇ ಹಾಕಿದೆ. ಆ ನೀರಿನ ಪಿಷ್ಟ ಸಾಸನ್ನು ಒಡೆಯದಂತೆ ಹಿಡಿದಿಡುತ್ತದೆ. ಚೀಸ್ ಹಳೆಯದಾದಷ್ಟೂ ರುಚಿ ಗಟ್ಟಿ, ಸ್ವಲ್ಪದರಲ್ಲೇ ಕೆಲಸ ಆಗುತ್ತದೆ. ಸಿಹಿಗುಂಬಳದ ಸಿಹಿ ಮೇಲೇಳದಿರಲು ಸಾಸಿವೆ ಪೇಸ್ಟ್ ಕಾಲು ಚಮಚ ಬೇಕೇ ಬೇಕು.

ಪಾಸ್ತಾವನ್ನೂ ಬದಲಿಸಬೇಕು ಅನ್ನುವವರು ಅರ್ಧ ಮಾಮೂಲಿನದು, ಅರ್ಧ ಇಡೀ ಗೋಧಿಯದ್ದು ಹಾಕಬಹುದು. ನಾರು ಸಿಗುತ್ತದೆ. ಎರಡೂ ಬೇಯುವ ಹೊತ್ತು ಬೇರೆ, ಹಾಗಾಗಿ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಿ ಆಮೇಲೆ ಬೆರೆಸಿ.