ಫಸ್ಟ್ ಪಿಸ್ತೂಲ್‌ಗೆ ಎರಡು ಸಲ ದುಡ್ಡು ಸುರಿದೆ: ಸೆಕೆಂಡ್ ಹ್ಯಾಂಡ್ ಸ್ಟೈಯರ್ ಎಲ್‌ಪಿ 10 ಏರ್ ಪಿಸ್ತೂಲ್ ರಿವ್ಯೂ

ನಂದು ತುಮಕೂರಲ್ಲಿ ಜೆರಾಕ್ಸ್, ಡಿಟಿಪಿ ಅಂಗಡಿ, ವಯಸ್ಸು ನಲವತ್ತೊಂದು, ಕೈಗೆ ಆಟ ಅಂತ ಇದ್ದಿದ್ದು ಕೇರಂ ಒಂದೇ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಲ್ಲಿ ಕಂಚು ತಗೊಂಡ್ರಲ್ಲ, ಅದೇ ಟೈಮಲ್ಲಿ ಆ ಟರ್ಕಿ ಅಂಕಲ್ ಯೂಸುಫ್ ಡಿಕೆಚ್ ಜೇಬಲ್ಲಿ ಕೈ ಇಟ್ಕೊಂಡು ಬೆಳ್ಳಿ ಹೊಡೆದ ಫೋಟೋ ಎಲ್ಲರ ಸ್ಟೇಟಸ್ಸಲ್ಲೂ ಓಡಾಡ್ತಿತ್ತು, ನೋಡಿ ನಂಗೂ ಹುಚ್ಚು ಹಿಡೀತು. ಆಮೇಲೆ ಗೊತ್ತಾಯ್ತು, ಜೇಬಲ್ಲಿ ಕೈ ಇಡೋದು ಸ್ಟೈಲ್ ಅಲ್ಲ, ಆ ಕೈ ಜೋತಾಡಿದ್ರೆ ಮೈಯೆಲ್ಲ ಅಲ್ಲಾಡುತ್ತೆ, ಅದಕ್ಕೆ ಎಲ್ರೂ ಜೇಬಿಗೋ ಬೆಲ್ಟಿಗೋ ಸಿಗಿಸ್ಕೊಂಡೇ ನಿಲ್ಲೋದು.

ಮೊದಲು ಲೈಸೆನ್ಸ್ ವಿಷಯ ಮುಗಿಸ್ಬಿಡ್ತೀನಿ, ಅಂಗಡಿಗೆ ಬರೋರೆಲ್ಲ ಅದನ್ನೇ ಕೇಳ್ತಾರೆ. ನಮ್ಮ ತಾತನ ಹತ್ರ ತೋಟಕ್ಕೆ ಅಂತ ಸಿಂಗಲ್ ಬ್ಯಾರೆಲ್ ಇತ್ತು, ಪ್ರತಿ ಎಲೆಕ್ಷನ್‌ಗೂ ಸ್ಟೇಷನ್‌ಗೆ ಡೆಪಾಸಿಟ್ ಮಾಡೋದು, ಮುಗಿದ್ಮೇಲೆ ಹೋಗಿ ಬಿಡಿಸ್ಕೊಂಡು ಬರೋದು, ರಿನೀವಲ್‌ಗೆ ಓಡಾಡೋದು, ಆ ಕಾಟ ಚಿಕ್ಕವನಿದ್ದಾಗಿಂದ ನೋಡಿದೀನಿ. ನಿಜವಾದ ಗುಂಡಿನ ಪಿಸ್ತೂಲ್ ಬೇಕಂದ್ರೆ, ಅದು .22 ಆದ್ರೂ ಸರಿ, ಲೈಸೆನ್ಸ್ ಬೇಕೇ ಬೇಕು, ಸಿನಿಮಾದಲ್ಲಿ ತೋರಿಸೋ 9 ಎಂಎಂ ಅಂತೂ ಪ್ರೊಹಿಬಿಟೆಡ್ ಬೋರು (ಬೋರು ಅಂದ್ರೆ ನಳಿಗೆ ಒಳಗಿನ ಅಗಲ), ನಮ್ಮಂತೋರು ಆ ಕಡೆ ತಲೆನೂ ಹಾಕ್ಬಾರ್ದು. ಏರ್ ಪಿಸ್ತೂಲ್ ಬೇರೆ, ಗಾಳಿ ಒತ್ತಡದಲ್ಲಿ ಪೆಲೆಟ್ ಅನ್ನೋ ಪುಟ್ಟ ಗುಂಡು ಹೊಡೆಯೋದು. 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಬೋರು 4.5 ಎಂಎಂ, ಅಂದ್ರೆ .177 ಮೀರಬಾರ್ದು, ಶಕ್ತಿ 20 ಜೌಲ್ ದಾಟಬಾರ್ದು, ಅಷ್ಟಿದ್ರೆ ಲೈಸೆನ್ಸ್ ಬೇಡ. ಮ್ಯಾಚ್ ಪಿಸ್ತೂಲ್‌ಗಳು ಅದರ ಅರ್ಧದಷ್ಟೂ ಇರಲ್ಲ. ಆಧಾರ್ ಕಾರ್ಡ್ ಕೇಳ್ತಾರೆ, ಕೊಡಿ, ಬಿಲ್ ಜೋಪಾನವಾಗಿ ಇಟ್ಕೊಳಿ.

ಈಗ ನನ್ನ ದಡ್ಡತನದ ಕಥೆ. ಅಂಗಡಿ ಹೆಸರು, ಗನ್ ಹೆಸರು ಎರಡೂ ಹೇಳಲ್ಲ. ಹೋದೆ, ಕೌಂಟರಲ್ಲಿದ್ದೋನು ಕರ್ರಗೆ ಮಿಂಚೋ ಒಂದು ಸ್ಪ್ರಿಂಗ್ ಪಿಸ್ತೂಲ್ ತೆಗೆದು ಟೇಬಲ್ ಮೇಲೆ ಇಟ್ಟು, "ಸಾರ್ ಪವರ್ ನೋಡಿ ಸಾರ್, ಬಿಯರ್ ಬಾಟ್ಲು ಪುಡಿಪುಡಿ" ಅಂದ. ಬ್ಯಾರೆಲ್ ಬಗ್ಗಿಸಿ ಲೋಡ್ ಮಾಡೋದು, ನೋಡೋಕೆ ಥೇಟ್ ಇನ್‌ಸ್ಪೆಕ್ಟರ್ ಸೊಂಟದಲ್ಲಿರೋ ತರ. ನಾನು ಬಾಟ್ಲು ಹೊಡೆಯೋಕೆ ಬಂದಿಲ್ಲ ಅಂತ ಆಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ, ಎಂಟು ಸಾವಿರ ಕೊಟ್ಟು ತಂದೆ. ಮನೆ ಹಿಂದೆ ಟೇಪ್ ಹಿಡಿದು 10 ಮೀಟರ್ ಅಳೆದು, ಗೋಡೆಗೆ ಪೆಲೆಟ್ ಹಿಡಿಯೋ ಕಬ್ಬಿಣದ ಡಬ್ಬ ಇಟ್ಟು, ಗೇಟ್‌ಗೆ ಬೀಗ ಹಾಕಿ ಹತ್ತು ಹೊಡೆದೆ. ಹತ್ತೂ ಸೇರಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿಯಷ್ಟಗಲ ಚೆಲ್ಲಾಡಿದ್ವು. ನಂದೇ ಕೈ ಸರಿಯಿಲ್ಲ ಅನ್ಕೊಂಡು ಎರಡು ತಿಂಗಳು ಒದ್ದಾಡಿದೆ.

ಆಮೇಲೊಂದಿನ ಬೆಂಗಳೂರಲ್ಲಿ ಒಂದು ಅಕಾಡೆಮಿಗೆ ಹೋದೆ, ಅಲ್ಲಿನ ಕೋಚ್ ಇದನ್ನ ಕೈಗೆ ತಗೊಂಡು ಒಂದ್ಸಲ ಟ್ರಿಗರ್ ಎಳೆದು ವಾಪಸ್ ಇಟ್ರು. "ಟ್ರಿಗರ್ ತೂಕ ನೋಡಿದೀರಾ? ಮ್ಯಾಚಲ್ಲಿ ಮಿನಿಮಮ್ 500 ಗ್ರಾಂ" ಅಂದ್ರು, ಅಷ್ಟೇ. ಟ್ರಿಗರ್ ತೂಕ ಅಂದ್ರೆ ಅದನ್ನ ಎಳೆಯೋಕೆ ಬೇಕಾದ ಬಲ. ಮನೆಗೆ ಬಂದು ಪೆಲೆಟ್ ಹಾಕ್ದೆ, ನಳಿಗೆ ಮೇಲ್ಮುಖ ಮಾಡಿ ಹಿಡ್ಕೊಂಡು, ಟ್ರಿಗರ್‌ಗೆ ದಾರ ಕಟ್ಟಿ ಅರ್ಧ ಲೀಟರ್ ನೀರಿನ ಬಾಟ್ಲು ನೇತುಹಾಕಿದೆ. ಮಿಸುಕ್ಲಿಲ್ಲ. ಒಂದು ಲೀಟರ್, ಊಹೂಂ. ಎರಡು ಲೀಟರ್ ಕೋಲಾ ಬಾಟ್ಲಲ್ಲಿ ಕಂಠಪೂರ್ತಿ ನೀರು ತುಂಬ್ಸಿ ಕಟ್ಟಿದ್ರೂ ಆ ಟ್ರಿಗರ್ ಜಪ್ಪಯ್ಯ ಅನ್ಲಿಲ್ಲ! ಒಂದೂಕಾಲು ಕೆಜಿ ಪಿಸ್ತೂಲನ್ನ ಒಂದೇ ಕೈಲಿ ಚಾಚಿ ಹಿಡ್ಕೊಂಡು, ಅದಕ್ಕಿಂತ ಜಾಸ್ತಿ ತೂಕ ಒಂದು ಬೆರಳಲ್ಲಿ ಎಳೀಬೇಕು, ಎಳೆಯೋವಾಗ ಮುಂಗೈನೇ ತಿರುಗಿಹೋಗುತ್ತೆ, ಮೇಲಿಂದ ಸ್ಪ್ರಿಂಗ್ ಒದೆಯೋದು ಬೇರೆ, ಪೆಲೆಟ್ ಇನ್ನೂ ನಳಿಗೆ ಒಳಗಿರುವಾಗ್ಲೇ ಪಿಸ್ತೂಲ್ ಅಲುಗಾಡಿರುತ್ತೆ. ಇದ್ರಲ್ಲಿ ಹತ್ತು ಬೀಳ್ಬೇಕಂದ್ರೆ ಹೆಂಗ್ ಬಿದ್ದೀತು. ಟಾರ್ಗೆಟ್ಟಲ್ಲಿ ಹತ್ತು ಪಾಯಿಂಟಿನ ರಿಂಗ್ ಎಷ್ಟಿದೆ ಗೊತ್ತಾ, 11.5 ಎಂಎಂ, ಹುಣಸೆ ಬೀಜದಷ್ಟು. ಹತ್ತು ಮೀಟರ್ ದೂರದಲ್ಲಿ ಹುಣಸೆ ಬೀಜ.

ಆ ಕೋಚ್ ಮೂಲಕಾನೇ ಸೆಕೆಂಡ್ ಹ್ಯಾಂಡ್ ಸ್ಟೈಯರ್ ಎಲ್‌ಪಿ 10 ಸಿಕ್ತು, ಒಂದು ಲಕ್ಷದ ಐದು ಸಾವಿರ. ಹೆಂಡತಿಗೆ ಇವತ್ತಿಗೂ ಅರವತ್ತು ಅಂತಾನೇ ಹೇಳಿರೋದು. ಆಸ್ಟ್ರಿಯಾ ಮಾಲು, ಸಿಲಿಂಡರಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಸೋದು, ಲಿವರ್ ಎತ್ತಿ, ಪೆಲೆಟ್ ಇಟ್ಟು, ಮುಚ್ಚಿದ್ರೆ ರೆಡಿ. ಒದೆತ ತಡೆಯೋಕೆ ಒಳಗೆ ಸ್ಟೆಬಿಲೈಸರ್ ಅಂತ ಇದೆ, ಹೊಡೆದಾಗ ಟಪ್ ಅಂತ ಒಂದು ಸದ್ದು, ಕೈಗೆ ಏನೂ ಗೊತ್ತಾಗಲ್ಲ. ಟ್ರಿಗರ್ ಮೊದಲ ಹಂತ ಸಲೀಸಾಗಿ ಹಿಂದಕ್ಕೆ ಬಂದು ಒಂದು ಕಡೆ ನಿಲ್ಲುತ್ತೆ, ಅಲ್ಲಿಂದ ಗಾಜಿನ ಕಡ್ಡಿ ಮುರಿದಂಗೆ ಚಟ್. ಅರ್ಧ ಲೀಟರ್ ಬಾಟ್ಲು ಪರೀಕ್ಷೆ ಇದಕ್ಕೂ ಮಾಡಿದೆ, 500 ಗ್ರಾಂ ತಡ್ಕೊಂಡು ಪಾಸು. ಮೊದಲನೇ ದಿನದ ಹತ್ತು ಪೆಲೆಟ್ ದೊಡ್ಡ ನಿಂಬೆಹಣ್ಣಿನಷ್ಟು ಜಾಗದಲ್ಲಿ. ಅದೇ ಕೈ, ಅದೇ ಮನುಷ್ಯ.

ಆದ್ರೆ ನಿಜವಾದ ಕೆಲಸ ಇರೋದು ಗ್ರಿಪ್‌ನಲ್ಲಿ. ಪಿಸ್ತೂಲ್ ತಗೊಳೋರು ಬ್ರ್ಯಾಂಡ್ ಕೇಳ್ತಾರೆ, ಪವರ್ ಕೇಳ್ತಾರೆ, ಗ್ರಿಪ್ ಸೈಜ್ ಕೇಳೋರು ಕಾಣೆ. ಮರದ ಗ್ರಿಪ್ ಚಪ್ಪಲಿ ಇದ್ದಂಗೆ, ಸೈಜ್ ಇರುತ್ತೆ, ಎಡಗೈ ಬಲಗೈ ಬೇರೆ ಬೇರೆ. ನನಗೆ ಸಿಕ್ಕಿದ್ದು ಮೀಡಿಯಂ, ಹೆಬ್ಬೆರಳಿನ ಬುಡದಲ್ಲಿ ಒತ್ತುತ್ತಿತ್ತು, ಇಪ್ಪತ್ತು ಹೊಡೆಯೋಷ್ಟರಲ್ಲಿ ಅಂಗೈ ಕೆಂಪಗೆ. ಅಂಗಡೀಲಿ ಸ್ಟ್ಯಾಂಪ್ ಪ್ಯಾಡ್ ಇತ್ತಲ್ಲ, ಅಂಗೈಗೆ ನೀಲಿ ಇಂಕ್ ಬಳ್ಕೊಂಡು ಗ್ರಿಪ್ ಹಿಡಿದೆ, ಬಿಟ್ಟೆ, ಎಲ್ಲಿ ಗಾಢವಾಗಿ ಅಂಟಿದೆಯೋ ಅಲ್ಲಿ ಒತ್ತುತ್ತಿದೆ, ಎಲ್ಲಿ ಇಂಕೇ ಇಲ್ವೋ ಅಲ್ಲಿ ಕೈಗೂ ಮರಕ್ಕೂ ಸಂದು. ಗಾಢ ಇರೋ ಕಡೆ ಅರ, ಸಂದು ಇರೋ ಕಡೆ ವುಡ್ ಪುಟ್ಟಿ. ನಮ್ಮ ಬಡಗಿ "ಲಕ್ಷದ ಸಾಮಾನಿಗೆ ಅರ ಹಾಕೋಕೆ ಕೈ ನಡುಗುತ್ತಣ್ಣ" ಅಂದ, ನಾನೇ ಮೂರು ಭಾನುವಾರ ಕೂತು ಉಜ್ಜಿದೆ. ಈಗ ಕಣ್ಣು ಮುಚ್ಚಿ ಕೈ ಚಾಚಿ ಕಣ್ಣು ತೆಗೆದ್ರೆ ನಳಿಗೆ ಮೇಲೆ ಗುರಿ ನೋಡೋಕಿರೋ ಮುಂದಿನ ಸೈಟು ಹಿಂದಿನ ಸೈಟಿನ ಗುಂಡಿಯಲ್ಲಿ ನೆಟ್ಟಗೆ ಕೂತಿರುತ್ತೆ. ಅಂಗಡೀಲೇ ಈ ಪರೀಕ್ಷೆ ಮಾಡಿ, ಸೈಟು ಎಡಕ್ಕೋ ಬಲಕ್ಕೋ ಹೋಗಿದ್ರೆ ಆ ಗ್ರಿಪ್ ನಿಮ್ದಲ್ಲ, ಇಲ್ಲಾ ಉಜ್ಜೋಕೆ ರೆಡಿಯಾಗಿ.

ನಲವತ್ತು ದಾಟಿದೋರಿಗೆ ಇನ್ನೊಂದು ತೊಂದ್ರೆ, ಕಣ್ಣು. ಮುಂದಿನ ಸೈಟು ಸ್ಪಷ್ಟ ಕಾಣ್ಬೇಕು, ಟಾರ್ಗೆಟ್ಟಿನ ಕಪ್ಪು ಮಸುಕಾಗಿದ್ರೂ ಪರ್ವಾಗಿಲ್ಲ, ನಂಗೆ ಉಲ್ಟಾ ಆಗ್ತಿತ್ತು. ಎಲ್‌ಪಿ 10ರಲ್ಲಿ ಹಿಂದಿನ ಸೈಟಿನ ಗುಂಡಿ ಅಗಲ ಮಾಡ್ಬಹುದು, ಒಂಚೂರು ಅಗಲ ಮಾಡಿದ್ಮೇಲೆ ಸಂದಿನಲ್ಲಿ ಬೆಳಕು ಕಾಣ್ತು, ನೆಮ್ಮದಿ.

ಕಂಪ್ಲೇಂಟ್ ಇಲ್ವಾ ಅಂದ್ರೆ, ಇದೆ. ಗಾಳಿ ತುಂಬಿಸೋದು ದೊಡ್ಡ ತಲೆನೋವು. ಪಂಚರ್ ಅಂಗಡೀಲಿ ಆಗುತ್ತಾ ಅಂತ ನಮ್ಮ ಮಾವ ಕೇಳಿದ್ರು, ಅಲ್ಲಿ ಬರೋದು ಹತ್ತು ಬಾರ್ ಆಸುಪಾಸು, ನಮಗೆ ಬೇಕಿರೋದು 200. ಹ್ಯಾಂಡ್ ಪಂಪ್ ಇದೆ, ಒತ್ತಿ ಒತ್ತಿ ಬೆವರು ಸುರಿದು, ಕೈ ನಡುಗಿ ಅವತ್ತು ಶೂಟಿಂಗೇ ಆಗಲ್ಲ, ಅದಕ್ಕೆ ಹಿಂದಿನ ರಾತ್ರಿನೇ ಒತ್ತಿಡ್ತೀನಿ. ಯಾರೋ ಪುಣ್ಯಾತ್ಮರು ಆಕ್ಸಿಜನ್ ಸಿಲಿಂಡರಿಂದ ತುಂಬ್ಸಿ ಅಂದ್ರು, ದಯವಿಟ್ಟು ಬೇಡ, ಆಕ್ಸಿಜನ್ ಗ್ರೀಸಿಗೆ ತಗುಲಿದ್ರೆ ಸ್ಫೋಟ ಆಗುತ್ತೆ. ಪೆಲೆಟ್ 500ರ ಡಬ್ಬ, ಮೂತಿ ಚಪ್ಪಟೆ ಇರೋದೇ ಬೇಕು, ಅದು ಟಾರ್ಗೆಟ್ ಕಾರ್ಡಲ್ಲಿ ದುಂಡಗೆ ತೂತು ಕೊರೆಯುತ್ತೆ, ಚೂಪು ಮೂತಿದು ಹರಿಯುತ್ತೆ. ಸೀಸ ಅದು, ಮುಟ್ಟಿದ ಕೈ ತೊಳೀದೆ ಕಡ್ಲೆಪುರಿ ಬಾಯಿಗೆ ಹಾಕ್ಬೇಡಿ. ನಮ್ಮಂಗಡಿದೇ 75 ಜಿಎಸ್‌ಎಂ ತೆಳು ಶೀಟಲ್ಲಿ ಟಾರ್ಗೆಟ್ ಪ್ರಿಂಟ್ ಹೊಡೆದು ದುಡ್ಡು ಉಳಿಸೋಕೆ ಹೋಗಿದ್ದೆ, ಪ್ರತಿ ತೂತೂ ನಕ್ಷತ್ರದಂಗೆ ಹರಿದು, ಒಂಬತ್ತೋ ಹತ್ತೋ ಅಂತ ನಾನೇ ನನ್ನ ಜೊತೆ ಜಗಳ ಆಡೋ ಹಾಗಾಯ್ತು. ಈಗ ದಪ್ಪ ಕಾರ್ಡ್ ದುಡ್ಡು ಕೊಟ್ಟೇ ತರ್ತೀನಿ, ಜೆರಾಕ್ಸ್ ಅಂಗಡಿ ಇಟ್ಕೊಂಡು.

"ಹಂದಿ ಬೀಳುತ್ತಾ" ಅಂತ ಗುಬ್ಬಿ ಕಡೆ ನೆಂಟರು ಕೇಳ್ತಾನೇ ಇರ್ತಾರೆ. ಬೀಳಲ್ಲ. ಹಂದಿ, ಕಾಗೆ, ಅಳಿಲು ಯಾವ್ದಕ್ಕೂ ಇದನ್ನ ತೋರಿಸೋ ಹಾಗೂ ಇಲ್ಲ, ಕೇಸಾಗುತ್ತೆ. ಬಸ್ಸಲ್ಲಿ ಪೆಟ್ಟಿಗೆ ಒಳಗಿಟ್ಟು ಬೀಗ ಹಾಕಿ ಒಯ್ತೀನಿ, ಕಂಡಕ್ಟರ್ ಒಬ್ರು ಡ್ರಿಲ್ ಮಿಷಿನ್ನಾ ಅಂದ್ರು, ಹೂಂ ಅಂದೆ.

ಸೆಕೆಂಡ್ ಹ್ಯಾಂಡ್ ತಗೊಳೋರು ಪಿಸ್ತೂಲಿಗಿಂತ ಮೊದ್ಲು ಸಿಲಿಂಡರ್ ತಿರುಗಿಸಿ ನೋಡಿ, ಅದರ ಮೇಲೆ ತಯಾರಾದ ತಾರೀಖು ಕೊರೆದಿರುತ್ತೆ, ಕಂಪ್ನಿಯೋರು ಹತ್ತು ವರ್ಷಕ್ಕೆ ಬದಲಾಯಿಸಿ ಅಂತಾರೆ. ನಾನು ನೋಡಿರ್ಲಿಲ್ಲ. ಮನೆಗೆ ತಂದು ಕನ್ನಡಕ ಹಾಕ್ಕೊಂಡು ಓದಿದ್ರೆ ಒಂದೂವರೆ ವರ್ಷ ಮಾತ್ರ ಬಾಕಿ. ಮಾರಿದೋರಿಗೆ ಫೋನ್ ಮಾಡಿದ್ರೆ "ಹೌದಾ ಸಾರ್, ಗಮನಿಸೇ ಇಲ್ಲ ನೋಡಿ" ಅಂದ್ರು. ಹೊಸ ಸಿಲಿಂಡರ್‌ಗೆ ದುಡ್ಡು ಕೂಡಿಸ್ತಾ ಇದೀನಿ, ಆ ಲೆಕ್ಕ ಮನೇಲಿ ಇನ್ನೂ ಹೇಳಿಲ್ಲ. ಆ ಸ್ಪ್ರಿಂಗ್ ಪಿಸ್ತೂಲ್ ಅಟ್ಟದ ಮೇಲೆ ಬೀಗ ಹಾಕಿರೋ ಟ್ರಂಕಲ್ಲಿದೆ, ಯಾರಿಗೂ ಮಾರೋಕೆ ಮನಸ್ಸಾಗ್ತಿಲ್ಲ.